ಹೆಸರು ಬದಲಿಸಿ ಬರೆದ ಸನ್ಮಾನ ಪತ್ರ

ಸನ್ಮಾನ ಪತ್ರ ಬರೆಯುವುದರಲ್ಲಿ ನಮ್ಮ ಕಡೆ ನನಗೊಂದು ಹೆಸರಿತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಯಾರಿಗಾದರೂ ಬೀಳ್ಕೊಡುಗೆ ಇರಲಿ, ಯಾವುದಾದರೂ ಸೊಸೈಟಿಗೆ ಬೆಳ್ಳಿಹಬ್ಬ ಬರಲಿ, ಕುಮಟಾದಿಂದಲೂ ಹೊನ್ನಾವರದಿಂದಲೂ ಜನ ಹೊಳನಗದ್ದೆಯ ನಮ್ಮ ಮನೆ ಕೇಳಿಕೊಂಡು ಬರುತ್ತಿದ್ದರು. ‘ಮಾಸ್ತರ್ರೇ, ಒಂದು ಪತ್ರ ಆಗ್ಬೇಕಿತ್ತು’ ಎಂದರೆ ಸಾಕು, ಬಂದವರು ಚಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬರೆದುಕೊಡುತ್ತಿದ್ದೆ. ನಿಸ್ವಾರ್ಥ ಸೇವೆ, ಸರಳ ಸಜ್ಜನಿಕೆ, ಎಲೆಮರೆಯ ಕಾಯಿ, ಯುವಪೀಳಿಗೆಗೆ ಮಾದರಿ ಎಂಬಂಥ ಮಾತುಗಳು ಪೆನ್ನಿನಿಂದ ತಾವಾಗಿಯೇ ಇಳಿಯುತ್ತಿದ್ದವು. ಪ್ರೆಸ್ಸಿನವರು ಅದಕ್ಕೆ ಬಂಗಾರದ ಬಣ್ಣದ ಅಂಚು ಕೊಟ್ಟು, ಗಾಜು ಕೂರಿಸಿ ಫ್ರೇಮು ಮಾಡುತ್ತಿದ್ದರು. ಸಭೆಯಲ್ಲಿ ಅದನ್ನು ಓದುವವನೂ ಬಹಳ ಸಲ ನಾನೇ. ಚಪ್ಪಾಳೆ ಬೀಳುತ್ತಿತ್ತು. ಆ ಚಪ್ಪಾಳೆ ನನಗೂ ಸೇರಿದ್ದು ಎಂದುಕೊಂಡು ಮನೆಗೆ ಬರುತ್ತಿದ್ದೆ.

ಹಾಗೆ ಬರೆದ ಒಂದು ಪತ್ರದಲ್ಲಿ, ನಮ್ಮ ಇಗರ್ಜಿಗೆ ಜೀವಮಾನವನ್ನೇ ಕೊಟ್ಟ ಒಬ್ಬ ಹೆಂಗಸಿನ ಬದುಕನ್ನು ನಾನು ಅಳಿಸಿಹಾಕಿದೆ. ಬರೆದು ಅಳಿಸುವುದು ಸಾಧ್ಯ ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ಎಲ್ಲರೂ ಅವರನ್ನು ಮೌಶಿ ಎನ್ನುತ್ತಿದ್ದರು. ತನ್ನ ಹೆಸರು ಎಲ್ಲಿಯೂ ಹಾಕಬೇಡ ಎಂದು ಅವರು ಹೇಳಿದ್ದರಿಂದ ಇಲ್ಲಿಯೂ ಹಾಕುವುದಿಲ್ಲ. ಮದುವೆಯಾಗಲಿಲ್ಲ. ತಮ್ಮನ ಸಂಸಾರದ ಜೊತೆ ಗದ್ದೆಬದಿಯ ಮನೆಯಲ್ಲಿದ್ದರು. ಬೆಳಗಿನ ಜಾವ ಎದ್ದು, ಮಳೆಗಾಲದಲ್ಲಿ ಸೀರೆಯನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಗದ್ದೆ ಅಂಚಿನ ಮೇಲೆ ನಡೆದು ಇಗರ್ಜಿಗೆ ಬರುತ್ತಿದ್ದರು. ಗಂಟೆ ಹೊಡೆಯುವುದು, ದೀಪ ಹಚ್ಚುವುದು, ಬಲಿಪೀಠ ಸಜ್ಜು ಮಾಡುವುದು, ಪೂಜಾವಸ್ತ್ರ ಇಡುವ ಕೋಣೆಯ, ಅಂದರೆ ಸಾಕ್ರಿಸ್ತಿಯ, ಉಸ್ತುವಾರಿ, ಭಾನುವಾರ ಮಕ್ಕಳಿಗೆ ಧರ್ಮೋಪದೇಶ, ಸತ್ತ ಹೆಂಗಸರಿಗೆ ಸ್ನಾನ ಮಾಡಿಸಿ ಬಟ್ಟೆ ಉಡಿಸುವುದು, ಎಲ್ಲವೂ ಅವರದೇ. ನಮ್ಮಲ್ಲಿ ಧರ್ಮಗುರುಗಳಿಗೆ ಐದಾರು ವರ್ಷಕ್ಕೊಮ್ಮೆ ವರ್ಗ. ಹೊಸ ಫಾದರ್ ಬಂದರೆ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಎರಡು ಮನೆಯವರಿಗೆ ಗಡಿ ತಕರಾರಿನಿಂದ ಮಾತಿಲ್ಲ, ಯಾರ ಮಗ ಗಲ್ಫಿಗೆ ಹೋಗಿ ಪತ್ರ ಹಾಕಿಲ್ಲ ಎಂದು ಹೇಳಿಕೊಡುತ್ತಿದ್ದವರು ಅವರು. ಫಾದರುಗಳು ಬಂದು ಹೋದರು. ಮೌಶಿ ಇದ್ದರು.

ಅವರ ಒಂದು ಆಯುಷ್ಯದಲ್ಲಿ ನಮ್ಮ ಕರಾವಳಿಯ ಕ್ರೈಸ್ತ ಸಮುದಾಯ ಎಷ್ಟು ಬದಲಾಯಿತು ಎಂದು ಈಗ ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಅವರು ಹುಟ್ಟುವಾಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಇಲ್ಲಿನ ಇಗರ್ಜಿಗಳು ಗೋವಾದ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದವು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಆಯಿತು, ನಾವು ಅದರ ಕೆಳಗೆ ಬಂದೆವು. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಹುಟ್ಟಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪೂಜಾವಿಧಿಯ ಬಗ್ಗೆ ಹೊರಡಿಸಿದ ಶಾಸನ ಜನರ ಭಾಷೆಗೆ ಬಾಗಿಲು ತೆರೆಯಿತು. ಲ್ಯಾಟಿನ್ ಹೋಗಿ ಕೊಂಕಣಿ, ಕನ್ನಡ ಬಂತು. ಬಲಿಪೀಠದ ಕಡೆ ಮುಖ ಮಾಡಿ ಪೂಜೆ ಮಾಡುತ್ತಿದ್ದ ಗುರುಗಳು ಜನರ ಕಡೆ ತಿರುಗಿದರು. ಇಷ್ಟೆಲ್ಲ ಆಗುವಾಗ ಮೌಶಿ ಕಾಲಿಟ್ಟ ಜಾಗ ಬದಲಾಗಲಿಲ್ಲ. ಮಕ್ಕಳಿಗೆ ಒಮ್ಮೆ ಲ್ಯಾಟಿನ್ನಿನಲ್ಲಿ ಬಾಯಿಪಾಠ ಮಾಡಿಸಿದ ಉತ್ತರಗಳನ್ನು ಕೆಲವೇ ವರ್ಷದಲ್ಲಿ ಕೊಂಕಣಿಯಲ್ಲಿ ಮತ್ತೆ ಬಾಯಿಪಾಠ ಮಾಡಿಸಿದರು.

ಈ ಕೊನೆಯ ವಾಕ್ಯ ನನಗೆ ಗೊತ್ತಿರುವುದು ಅವರ ಹತ್ತಿರ ಕಲಿತ ಒಬ್ಬರು ಹೇಳಿದ್ದರಿಂದ. ನಾನು ಕೇಳಿರಲಿಲ್ಲ.

ಕೊರೋನಾ ಬರುವ ಮೊದಲಿನ ಮಾತು. ಇಗರ್ಜಿಯ ಹಬ್ಬಕ್ಕೆ ಮೌಶಿಗೆ ಸನ್ಮಾನ ಮಾಡೋಣ ಎಂದು ಪಾಲನಾ ಸಮಿತಿಯಲ್ಲಿ ನಿರ್ಧಾರವಾಯಿತು. ನಾನು ಆಗ ಸಮಿತಿಯ ಕಾರ್ಯದರ್ಶಿ. ಪತ್ರ ಬರೆಯುವ ಕೆಲಸ ನನ್ನದೇ ಎಂದು ಯಾರೂ ಹೇಳಬೇಕಾಗಿಯೇ ಇರಲಿಲ್ಲ. ಅವರ ಮನೆಗೆ ಹೋಗಿ ಒಂದು ಮಧ್ಯಾಹ್ನ ಕೂತಿದ್ದರೆ ಆಗುತ್ತಿತ್ತು. ನಾನು ಹೋಗಲಿಲ್ಲ. ಹಬ್ಬದ ಗಡಿಬಿಡಿ, ಆಮಂತ್ರಣ ಪತ್ರಿಕೆ, ಶಾಮಿಯಾನ, ಮೈಕಿನವರ ಬಾಕಿ. ಪ್ರೆಸ್ಸಿನವರು ಬೆಳಗ್ಗೆಯೇ ಬೇಕು ಎಂದರು. ಹಿಂದೊಮ್ಮೆ ನಿವೃತ್ತ ನೌಕರರೊಬ್ಬರಿಗೆ ಬರೆದ ಪತ್ರದ ಪ್ರತಿ ನನ್ನ ಕಪಾಟಿನಲ್ಲಿತ್ತು. ಅದನ್ನು ತೆಗೆದು, ಹೆಸರು ಬದಲಿಸಿ, ‘ಇವರು’ ಇದ್ದಲ್ಲೆಲ್ಲ ‘ಇವರು’ ಎಂದೇ ಬಿಟ್ಟು, ‘ಸಂಸ್ಥೆ’ ಇದ್ದಲ್ಲಿ ‘ಧರ್ಮಕೇಂದ್ರ’ ಎಂದು ಮಾಡಿದೆ. ಕೆಲಸ ಮುಗಿಯಿತು. ಒಂದು ವಾಕ್ಯವೂ ತಪ್ಪಾಗಲಿಲ್ಲ. ಇವತ್ತಿಗೂ ನನ್ನನ್ನು ಚುಚ್ಚುವುದು ಅದೇ. ತಪ್ಪಾಗಲು ಆ ಪತ್ರದಲ್ಲಿ ಏನೂ ಇರಲಿಲ್ಲ.

ಇನ್ನೊಂದು ಕೆಲಸವನ್ನೂ ಅದೇ ಸಭೆಯಲ್ಲಿ ಮಾಡಿದೆವು. ಅದು ನನ್ನದೇ ಸೂಚನೆ. ಮೌಶಿಗೆ ವಯಸ್ಸಾಯಿತು, ಗದ್ದೆ ಅಂಚಿನಲ್ಲಿ ಜಾರಿ ಬಿದ್ದರೆ ಯಾರು ಹೊಣೆ, ಇನ್ನು ಅವರು ವಿಶ್ರಾಂತಿ ತೆಗೆದುಕೊಳ್ಳಲಿ, ಯುವಕ ಸಂಘದವರು ನೋಡಿಕೊಳ್ಳಲಿ ಎಂದೆ. ಎಲ್ಲರೂ ಒಪ್ಪಿದರು. ಮೌಶಿಯನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹಬ್ಬದ ದಿನ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಪತ್ರ ಓದಿ, ಕೊನೆಗೆ ಮೈಕಿನಲ್ಲಿಯೇ ಘೋಷಿಸಿದೆ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸಾಕ್ರಿಸ್ತಿಯ ಕೀಲಿಕೈಯನ್ನು ಅವರು ತೆಗೆದು ಕೊಟ್ಟರು. ಮತ್ತೆ ಚಪ್ಪಾಳೆ. ಅಷ್ಟು ಜನರ ಎದುರಿಗೆ ಬೇಡ ಎನ್ನುವುದು ಅವರ ಸ್ವಭಾವದಲ್ಲಿರಲಿಲ್ಲ.

ಆಮೇಲೆ ಅವರು ಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂರತೊಡಗಿದರು. ಯಾವುದಕ್ಕೂ ಬಾಯಿ ಹಾಕಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂದಾಗ ನಮ್ಮ ಬಂಡವಾಳ ಗೊತ್ತಾಯಿತು. ಅದರ ಮೊದಲ ದಿನವಾದ ವಿಭೂತಿ ಬುಧವಾರ ಹಣೆಗೆ ಹಚ್ಚುವ ಬೂದಿ ಅಂಗಡಿಯಲ್ಲಿ ತರುವ ಸಾಮಾನಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿ ಹಂಚಿದ ಗರಿಯನ್ನು ಸುಟ್ಟು ಮಾಡುವಂಥದ್ದು. ನಮ್ಮಲ್ಲಿ ಅದು ತೆಂಗಿನ ಎಳೆಗರಿ. ಪ್ರತಿ ಮನೆಯಲ್ಲಿಯೂ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಅದನ್ನು ಒಟ್ಟು ಮಾಡಬೇಕು ಎನ್ನುವುದು ಯಾರ ತಲೆಯಲ್ಲಿಯೂ ಇರಲಿಲ್ಲ. ಹಿಂದಿನ ಸಂಜೆ ನೆನಪಾದಾಗ ಹುಡುಗರು ತೋಟದಿಂದ ಒಣಗರಿ ಎಳೆದು ತಂದು ಸುಟ್ಟರು. ಹುಡಿ ಹಾರುತ್ತದೆ ಎಂದು ನೀರು ಹಾಕಿ ಕಲಸಿದರು. ಮರುದಿನ ಕೆಲವು ಮಕ್ಕಳ ಹಣೆ ಕೆಂಪಾಯಿತು, ಒಂದು ಮಗು ಪೂಜೆಯ ನಡುವೆಯೇ ಅತ್ತಿತು. ಕೊನೆಯ ಬೆಂಚಿನಿಂದ ಎದ್ದು ಬಂದು, ಆ ಮಗುವಿನ ಹಣೆಯನ್ನು ಒದ್ದೆ ಸೆರಗಿನಿಂದ ಒರೆಸಿ, ಗಾಳಿ ಊದಿ ಸಮಾಧಾನ ಮಾಡಿದವರು ಮೌಶಿ.

ಆ ವಾರ ಅವರ ಮನೆಗೆ ಹೋದೆ. ಮೊದಲೇ ಹೋಗಬೇಕಿದ್ದ ಮನೆ. ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು. ಸಿಟ್ಟು ಮಾಡಲಿಲ್ಲ. ‘ಬೂದಿಗೆ ನೀರು ತಾಗಿಸೂಕಾಗ ಪುತಾ, ಅದು ಖಾರ ಆಗ್ತದೆ, ಮಕ್ಕಳ ಹಣೆ ಉರೀತದೆ’ ಎಂದರು. ಬೂದಿಯ ನೀರು ಕ್ಷಾರವಾಗುತ್ತದೆ ಎನ್ನುವುದು ವಿಜ್ಞಾನದ ಪಾಠದಲ್ಲಿ ಇದ್ದದ್ದೇ. ಅವರಿಗೆ ಅದು ಕೈಯಿಂದ ಗೊತ್ತಿತ್ತು. ಆಮೇಲೆ ತಾವು ಮಾಡುತ್ತಿದ್ದ ಕ್ರಮ ಹೇಳಿದರು. ಗರಿಯ ನಡುವಿನ ಕಡ್ಡಿ ಸುಲಿದು ತೆಗೆಯಬೇಕು, ಇಲ್ಲದಿದ್ದರೆ ಅದು ಇದ್ದಿಲಾಗಿ ಉಳಿಯುತ್ತದೆ. ಎಲೆಯನ್ನು ಬಿಸಿಲಿನಲ್ಲಿ ಗರಿಗರಿಯಾಗುವ ತನಕ ಒಣಗಿಸಬೇಕು. ಗಾಳಿ ಏಳುವ ಮುಂಚೆ, ಬೆಳಗ್ಗೆಯೇ, ಹಳೆಯ ಮಣ್ಣಿನ ಮಡಕೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಸುಡಬೇಕು. ಮಡಕೆ ತಾನಾಗಿ ಆರಬೇಕು. ಆರಿದ ಮೇಲೆ ಕೈಯಲ್ಲಿ ತಿಕ್ಕಿ, ತೆಳು ಹತ್ತಿಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು.

ಆದರೆ ನಾನು ನಿಜಕ್ಕೂ ಬೆಚ್ಚಿದ್ದು ಮುಂದಿನ ಮಾತಿಗೆ. ಗರಿ ಒಟ್ಟು ಮಾಡಲು ಅವರು ಜನವರಿಯಿಂದಲೇ ಮನೆಮನೆಗೆ ಹೋಗುತ್ತಿದ್ದರು. ಒಂದು ಹಳೆಯ ಗರಿ ಕೇಳುವುದಕ್ಕೆ ಯಾರೂ ಬಾಗಿಲು ಹಾಕುವುದಿಲ್ಲ. ಒಳಗೆ ಕರೆಯುತ್ತಾರೆ, ಬೆಲ್ಲ ನೀರು ಕೊಡುತ್ತಾರೆ, ಮಾತಾಡುತ್ತಾರೆ. ಗರಿ ಇಡುವುದನ್ನೇ ಬಿಟ್ಟ ಮನೆ ಯಾವುದು, ಆ ಮನೆಯವರಿಗೆ ಇಗರ್ಜಿಯ ಮೇಲೆ ಯಾಕೆ ಬೇಸರ, ಒಳಕೋಣೆಯಲ್ಲಿ ಕೆಮ್ಮುತ್ತಿರುವವರು ಯಾರು, ಕುಡಿತ ಹೆಚ್ಚಾದ ಮನೆ ಯಾವುದು, ಫೀಸು ಕಟ್ಟಲಾಗದೆ ಶಾಲೆ ಬಿಡುವ ಅಂದಾಜಿನಲ್ಲಿರುವ ಹುಡುಗಿ ಯಾರು ಎಲ್ಲವೂ ಆ ತಿರುಗಾಟದಲ್ಲಿ ಅವರಿಗೆ ತಿಳಿಯುತ್ತಿತ್ತು. ಹೊಸ ಫಾದರುಗಳಿಗೆ ಅವರು ಹೇಳಿಕೊಡುತ್ತಿದ್ದುದು ಹೀಗೆ ತಿಳಿದದ್ದನ್ನು. ಇಡೀ ಧರ್ಮಕೇಂದ್ರದ ಸ್ಥಿತಿಗತಿ ಅರಿಯಲು ಅವರು ಕಂಡುಕೊಂಡ ದಾರಿ ಅದು. ಬೂದಿಯನ್ನು ನಾವು ಪಕ್ಕದ ಇಗರ್ಜಿಯಿಂದ ಕೇಳಿ ತರಬಹುದಿತ್ತು. ಆ ದಾರಿಯನ್ನು ಎಲ್ಲಿಂದ ತರುವುದು?

‘ಕೀಲಿಕೈ ಕೊಡು ಅಂದ್ರಿ, ಕೊಟ್ಟೆ. ಕೆಲ್ಸ ಯಾರ ಕೈಗೆ ಕೊಡ್ಲಿ ಅಂತ ಕಾದೆ. ಯಾರೂ ಬರ್ಲಿಲ್ಲ’ ಎಂದರು.

ಅವತ್ತೇ ಒಳಗೆ ಹೋಗಿ ಒಂದು ಬಿಳಿ ಕರವಸ್ತ್ರ ತಂದು, ಬಲಿಪೀಠದ ಮೇಲೆ ಪೂಜಾಪಾತ್ರೆಯ ಕೆಳಗೆ ಹಾಸುವ ಕಾರ್ಪೊರಲ್ ಎಂಬ ಚೌಕ ಬಟ್ಟೆಯನ್ನು ಮಡಚುವ ಕ್ರಮ ತೋರಿಸಿದರು. ಮೊದಲು ಉದ್ದಕ್ಕೆ ಮೂರು ಪಾಲು, ಆಮೇಲೆ ಅಡ್ಡಕ್ಕೆ ಮೂರು ಪಾಲು, ಬಿಚ್ಚಿದರೆ ಒಂಬತ್ತು ಮನೆ ಕಾಣಬೇಕು. ಪ್ರತಿ ಮಡಿಕೆಯೂ ಒಳಮುಖವಾಗಿಯೇ ಇರಬೇಕು, ಪರಮಪ್ರಸಾದದ ಒಂದು ಕಣ ಅದರಲ್ಲಿ ಉಳಿದಿದ್ದರೂ ಹೊರಗೆ ಬೀಳಬಾರದು. ಒಗೆಯುವಾಗ ಮೊದಲ ಸಲ ನೆನೆಸಿದ ನೀರನ್ನು ಚರಂಡಿಗೆ ಚೆಲ್ಲಬಾರದು, ಮಣ್ಣಿಗೆ ಸೇರಬೇಕು. ಅವರು ಅದನ್ನು ಸಾಕ್ರಿಸ್ತಿಯ ಹಿಂದಿನ ದಾಸವಾಳದ ಬುಡಕ್ಕೆ ಹಾಕುತ್ತಿದ್ದರಂತೆ. ಆ ದಾಸವಾಳವನ್ನು ನಾವು ಆಗಲೇ ಸ್ಕೂಟರ್ ನಿಲ್ಲಿಸಲು ಜಾಗ ಸಾಲದೆಂದು ಕಡಿಸಿದ್ದೆವು. ಬಟ್ಟೆಗಳು ಒಬ್ಬರ ಮನೆಯ ವಾಷಿಂಗ್ ಮಶೀನಿಗೆ ಹೋಗುತ್ತಿದ್ದವು. ಮೌಶಿಯ ಬೆರಳುಗಳ ಗಂಟು ಊದಿಕೊಂಡಿದ್ದವು, ಆದರೂ ಮಡಿಕೆಯ ಅಂಚನ್ನು ಉಗುರಿನಿಂದ ತೀಡಿ ಕೂರಿಸಿದಾಗ ಒಂದು ಎಳೆಯೂ ಅತ್ತಿತ್ತ ಆಗಲಿಲ್ಲ.

ಎದ್ದು ಬರುವಾಗ, ಇದನ್ನೆಲ್ಲ ಬರೆದಿಡುತ್ತೇನೆ ಮೌಶಿ ಎಂದೆ. ‘ಕೆಲ್ಸ ಬರೆ. ನನ್ನ ಹೆಸರು ಬೇಡ’ ಎಂದರು. ಆಗಲಿ, ವಾರಕ್ಕೊಂದು ದಿನ ಬರುತ್ತೇನೆ ಎಂದು ಮಾತು ಕೊಟ್ಟೆ.

ಆ ಮಾತು ನಡೆಸಲಿಲ್ಲ. ಮೊದಲು ಹಬ್ಬಗಳ ನೆವ, ಆಮೇಲೆ ಮಳೆಯ ನೆವ, 2020ರ ಮಾರ್ಚಿನಿಂದ ಕೊರೋನಾದ ನೆವ. ಇಗರ್ಜಿಯ ಬಾಗಿಲು ಮುಚ್ಚಿತು, ಆ ವರ್ಷದ ಈಸ್ಟರ್ ಜನರಿಲ್ಲದೆ ಕಳೆಯಿತು. ಆದರೆ ಫೋನು ಇತ್ತು. ದಿನವಿಡೀ ಯಾರು ಯಾರ ಜೊತೆಗೋ ಮಾತಾಡಿದ್ದೇನೆ, ಅವರಿಗೊಂದು ಫೋನು ಮಾಡಿ ‘ಹೇಳಿ ಮೌಶಿ’ ಎನ್ನಲಿಲ್ಲ. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸರು ಧರ್ಮೋಪದೇಶಕರ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವಾಪದವಿಯಾಗಿ ಸ್ಥಾಪಿಸಿದರು. ಗುರುಗಳಲ್ಲದ, ಸನ್ಯಾಸಿನಿಯರಲ್ಲದ ಸಾಮಾನ್ಯ ಗಂಡಸರು, ಹೆಂಗಸರು ಶತಮಾನಗಳಿಂದ ಹೆಸರಿಲ್ಲದೆ ಮಾಡುತ್ತ ಬಂದ ಕೆಲಸಕ್ಕೆ ರೋಮಿನಿಂದ ಒಂದು ಮನ್ನಣೆ ಸಿಕ್ಕಿತು. ಅದೇ ವರ್ಷದ ಜನವರಿಯಲ್ಲಿ ವಾಚಕರ ಮತ್ತು ಪೀಠಸೇವಕರ ವಿಧಿವತ್ತಾದ ಸೇವೆ ಹೆಂಗಸರಿಗೂ ತೆರೆದಿತ್ತು. ಬಾಲಕಿಯರು ಬಲಿಪೀಠದ ಸೇವೆಗೆ ನಿಲ್ಲಲು ಅನುಮತಿ ಸಿಕ್ಕಿದ್ದೇ 1994ರಲ್ಲಿ. ಜೀವನವಿಡೀ ಬಲಿಪೀಠವನ್ನು ಸಜ್ಜುಮಾಡಿ, ಪೂಜೆ ಶುರುವಾಗುವ ಹೊತ್ತಿಗೆ ಕೆಳಗಿಳಿದು ಬಂದು ಜನರ ನಡುವೆ ನಿಂತ ಹೆಂಗಸಿಗೆ ಈ ಸುದ್ದಿಯನ್ನು ಓದಿ ಹೇಳಬೇಕು ಎಂದು ಪೇಪರನ್ನು ಎತ್ತಿಟ್ಟೆ. ಎತ್ತಿಟ್ಟಲ್ಲಿಯೇ ಉಳಿಯಿತು. ಆ ಮಳೆಗಾಲದಲ್ಲಿ ಮೌಶಿ ತೀರಿಕೊಂಡರು.

ಅಂತ್ಯಕ್ರಿಯೆಯ ಪೂಜೆಯಲ್ಲಿ ನಾಲ್ಕು ಮಾತು ಹೇಳಬೇಕೆಂದು ಮನೆಯವರು ನನ್ನನ್ನೇ ಕೇಳಿದರು. ವಿವರಕ್ಕಾಗಿ ಸನ್ಮಾನ ಪತ್ರವನ್ನು ತರಿಸಿಕೊಂಡೆ. ಮಳೆಯ ಥಂಡಿಗೆ ಗೋಡೆ ಒದ್ದೆಯಾಗುತ್ತದೆಂದು ಅವರು ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ಓದಿದೆ. ಹುಟ್ಟಿದ ವರ್ಷ ಇಲ್ಲ. ತಂದೆತಾಯಿಯ ಹೆಸರಿಲ್ಲ. ಯಾವಾಗಿನಿಂದ ಸೇವೆ ಶುರು ಮಾಡಿದರು, ಯಾರು ಕರೆದರು, ಏನೇನು ಮಾಡಿದರು, ಯಾರಿಗೆ ಕಲಿಸಿದರು, ಒಂದೂ ಇಲ್ಲ. ಅವರ ಬಗ್ಗೆ ಬರೆದ ಏಕೈಕ ಕಾಗದ ಅದು. ಬರೆದವನು ನಾನು. ಅದರಲ್ಲಿ ಅವರದೆಂದು ಇದ್ದದ್ದು ಹೆಸರು ಮಾತ್ರ, ಆ ಹೆಸರೂ ಇನ್ನೊಬ್ಬರ ಹೆಸರಿದ್ದ ಜಾಗದಲ್ಲಿ ಕೂರಿಸಿದ್ದು.

ಇಗರ್ಜಿಯ ದಾಖಲೆ ಪುಸ್ತಕ ತೆಗೆಸಿದೆ. ಪ್ರತಿ ಧರ್ಮಕೇಂದ್ರದಲ್ಲಿಯೂ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳು ಇರಲೇಬೇಕು ಎಂಬುದು ಧರ್ಮಸಭೆಯ ಕಾನೂನು. ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿ, ಜ್ಞಾನ ತಂದೆತಾಯಿ, ಸ್ನಾನ ಕೊಟ್ಟ ಗುರುಗಳ ಹೆಸರು ಇರುತ್ತದೆ. ಮದುವೆಯಾದರೆ ಅದನ್ನೂ ಅದೇ ಸಾಲಿನ ಬದಿಗೆ ಬರೆಯುತ್ತಾರೆ. ಮೌಶಿಯ ಸಾಲು ಸಿಕ್ಕಿತು. ಮಾಸಿದ ಶಾಯಿ, ಬದಿ ಖಾಲಿ. ಇನ್ನೊಂದು ಪುಸ್ತಕದಲ್ಲಿ ಆ ವಾರ ಹೊಸದಾಗಿ ಬರೆದ ಮರಣದ ಸಾಲು. ಎಂಬತ್ತು ದಾಟಿದ ಬದುಕಿಗೆ ಎರಡು ಸಾಲು. ಅವರು ಧರ್ಮೋಪದೇಶ ಕಲಿಸಿ ಮೊದಲ ಪರಮಪ್ರಸಾದಕ್ಕೆ ತಯಾರು ಮಾಡಿದ ಮಕ್ಕಳ ಹೆಸರುಗಳು ಪಟ್ಟಿಯಲ್ಲಿವೆ, ಪ್ರಸಾದ ಕೊಟ್ಟ ಗುರುಗಳ ಹೆಸರಿದೆ. ಕಲಿಸಿದವರ ಹೆಸರು ಬರೆಯುವ ಅಂಕಣವಿಲ್ಲ. ಗೋಡೆಯಲ್ಲಿ ಬೆಂಚು ಕೊಟ್ಟವರ ಹೆಸರಿದೆ, ಫ್ಯಾನು ಕೊಟ್ಟವರ ಹೆಸರಿದೆ. ದಿನಾ ಆ ಬೆಂಚು ಒರೆಸಿದವರ ಹೆಸರಿಗೆ ಕಲ್ಲು ಇಲ್ಲ. ಇದರಲ್ಲಿ ಯಾರ ಕುತಂತ್ರವೂ ಇಲ್ಲ. ಪುಸ್ತಕಗಳು ಯಾವುದಕ್ಕೆ ಹುಟ್ಟಿದವೋ ಅದನ್ನು ಮಾಡುತ್ತಿವೆ. ಪುಸ್ತಕ ಹಿಡಿಯದ್ದನ್ನು ಹಿಡಿದಿಡಲೆಂದೇ ನನ್ನಂಥ ಬರೆಯುವವನು ಊರಿನಲ್ಲಿರಬೇಕಿತ್ತು. ಆ ಒಂದು ಕೆಲಸದಲ್ಲಿ ನಾನು ಸೋತೆ.

ಈ ಮರೆವು ಹಳೆಯದು. ಗೋವಾದ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಗುರುಗಳು 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲಿ ಕೆಲಸ ಮಾಡಿದರು. ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರು ಎಂದು ಓಡಾಡಿ ಚದುರಿಹೋಗಿದ್ದ ಸಮುದಾಯವನ್ನು ಒಟ್ಟುಗೂಡಿಸಿದರು. 1687ರಲ್ಲಿ, ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದ ಶ್ರೀಲಂಕೆಗೆ ವೇಷ ಮರೆಸಿ ಹೋದರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಳ್ಳುವ ತನಕ ಅಲ್ಲಿನ ಜನರ ಜೊತೆಗಿದ್ದರು. ಸೆಬಾಸ್ತಿಯಾಂವ್ ದೊ ರೇಗೊ ಬರೆದ ಅವರ ಜೀವನಚರಿತ್ರೆ 1745ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ಕರಾವಳಿಯಲ್ಲಿ ಅದು ದೊಡ್ಡ ಸಂತೋಷದ ದಿನ.

ಆ ಸಂತರ ಜೊತೆ ಜುವಾಂವ್ ಎಂಬ ಸೇವಕನೊಬ್ಬನಿದ್ದ. ಶ್ರೀಲಂಕೆಗೆ ಜೊತೆಯಲ್ಲಿ ಹೋದವನು, ಕ್ಯಾಂಡಿಯಲ್ಲಿ ಗೂಢಚಾರರೆಂಬ ಸಂಶಯದಿಂದ ಸೆರೆ ಹಿಡಿದಾಗ ಜೊತೆಯಲ್ಲಿ ಸೆರೆಯಾದವನು. ವಾಜ್ ಅವರ ಕಥೆ ಹೇಳುವವರು ಅವನನ್ನು ಒಂದು ವಾಕ್ಯದಲ್ಲಿ ನೆನೆದು ಮುಂದೆ ಹೋಗುತ್ತಾರೆ. ನಾನೂ ಧರ್ಮೋಪದೇಶದ ಮಕ್ಕಳಿಗೆ ಆ ಸಂತರ ಕಥೆ ಹೇಳುವಾಗ ಅವನ ಹತ್ತಿರ ಒಮ್ಮೆಯೂ ನಿಂತಿರಲಿಲ್ಲ. ಅವರು ಪೂಜೆ ಮಾಡುವಾಗ ದೀಪ ಹಚ್ಚಿದ್ದು, ಜ್ವರ ಬಂದಾಗ ಗಂಜಿ ಬೇಯಿಸಿದ್ದು, ಕಾಡುದಾರಿಯಲ್ಲಿ ಪೂಜಾಸಾಮಾನು ಹೊತ್ತದ್ದು ಯಾರಿರಬೇಕು? ಮೌಶಿಯ ಎರಡು ಸಾಲು ನೋಡಿ ಬಂದ ಮೇಲೆ ಆ ಒಂದು ವಾಕ್ಯ ನನ್ನನ್ನು ಕಾಡತೊಡಗಿತು.

ಅಂತ್ಯಕ್ರಿಯೆಯ ದಿನ ನಾನು ಹೊಗಳಿಕೆ ಮಾತಾಡಲಿಲ್ಲ. ನನಗೆ ನಿಖರವಾಗಿ ಗೊತ್ತಿದ್ದ ಎರಡೇ ಕೆಲಸ ಹೇಳಿದೆ: ಬೂದಿ ಮಾಡುವುದು, ಕಾರ್ಪೊರಲ್ ಮಡಚುವುದು. ಉಳಿದದ್ದನ್ನು ಕೇಳಿಕೊಳ್ಳಲಿಲ್ಲ ಎಂದು ಜನರ ಮುಂದೆ ಒಪ್ಪಿಕೊಂಡೆ. ನಿಮಗೆ ಗೊತ್ತಿರುವುದನ್ನು ತಿಂಗಳ ಪೂಜೆಗೆ ಬರುವಾಗ ತನ್ನಿ, ಅವರು ಮಾಡಿದ ಕೆಲಸವಾಗಿರಲಿ, ಹೊಗಳಿಕೆ ಬೇಡ ಎಂದು ಬೇಡಿಕೊಂಡೆ.

ಜನ ತಂದರು. ಒಬ್ಬರು, ಮೌಶಿ ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದ್ದರಿಂದ ತಾನು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದು ತಪ್ಪಿತು ಎಂದರು. ಹೆರಿಗೆ ನೋವಿನ ರಾತ್ರಿ ಲಾಟೀನು ಹಿಡಿದು ದಾಟು ದಾಟಿಸಿದ್ದನ್ನು ಇನ್ನೊಬ್ಬರು ಹೇಳಿದರು. ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಹೊಸ ತೆನೆ ಯಾರ ಗದ್ದೆಯಿಂದ ಬರಬೇಕು ಎಂದು ಅವರೇ ನಿರ್ಧರಿಸುತ್ತಿದ್ದರು, ಆ ವರ್ಷ ದುಃಖವಾದ ಮನೆಯ ಗದ್ದೆಯನ್ನೇ ಆರಿಸುತ್ತಿದ್ದರು ಎಂಬುದು ಮೂವರ ಮಾತು ಕೂಡಿಸಿದಾಗ ಹೊಳೆಯಿತು. ಅದರ ಹಿಂದಿನ ಯೋಚನೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಗರ್ಜಿಗೆ ಸೇರದ ಪಕ್ಕದ ಮನೆಯ ಗೌಡರ ಹೆಂಗಸು ಬಂದು, ತನ್ನ ಅತ್ತೆ ಹಾಸಿಗೆ ಹಿಡಿದಾಗ ಮೌಶಿ ಪೂಜೆ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ದಿನಾ ಹೊಕ್ಕು ಮಗ್ಗುಲು ಬದಲಿಸಿ ಹೋಗುತ್ತಿದ್ದರು ಎಂದರು. ಇಷ್ಟು ಕೂಡಿಸಿದರೂ ಅರುವತ್ತರ ದಶಕದಲ್ಲಿ ಗುರುಗಳು ಮೊದಲ ಸಲ ಜನರ ಕಡೆ ತಿರುಗಿ ನಿಂತ ಭಾನುವಾರ ನಮ್ಮ ಬೆಂಚುಗಳಲ್ಲಿ ಏನಾಯಿತು, ಯಾರು ಅತ್ತರು, ಯಾರು ಸಿಟ್ಟಾದರು ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಅದು ಮೌಶಿಯ ಜೊತೆ ಹೋಯಿತು.

ಕಲಿತದ್ದನ್ನು ಕೆಲಸಕ್ಕೆ ತಂದಿದ್ದೇವೆ. ಸಾಕ್ರಿಸ್ತಿಯಲ್ಲಿ ಈಗ ಒಂದು ದಪ್ಪ ನೋಟುಬುಕ್ಕಿದೆ. ಯಾವ ಕೆಲಸ, ಹೇಗೆ, ಯಾಕೆ, ಯಾರಿಂದ ಕಲಿತದ್ದು ಎಂದು ಬರೆಯುವುದು. ಮೊದಲ ಪರಮಪ್ರಸಾದದ ಪಟ್ಟಿಯ ಕೆಳಗೆ ಕಲಿಸಿದವರ ಹೆಸರನ್ನೂ ಸೇರಿಸುತ್ತೇವೆ. ಗರಿ ಒಟ್ಟು ಮಾಡಲು ಜನವರಿಯಲ್ಲಿ ಇಬ್ಬರು ಕಾಲೇಜು ಹುಡುಗಿಯರು, ಒಬ್ಬ ಹುಡುಗ ಮನೆಮನೆಗೆ ಹೋಗುತ್ತಾರೆ. ವಾಟ್ಸಾಪಿನಲ್ಲಿ ಸಂದೇಶ ಹಾಕಿ ತರಿಸಿಕೊಳ್ಳೋಣ ಎಂದು ಒಬ್ಬರು ಹೇಳಿದಾಗ ನಾನು ಕೈಮುಗಿದು ಬೇಡ ಎಂದೆ. ಯಾಕೆ ಎಂದು ವಿವರಿಸಿದೆ. ಈಗ ಆ ಮಕ್ಕಳೇ ನನಗೆ ವಿವರಿಸುತ್ತಾರೆ, ಯಾವ ಮನೆಯಲ್ಲಿ ಅಜ್ಜಿಗೆ ಕಣ್ಣು ಕಾಣುತ್ತಿಲ್ಲ ಎಂದು.

ಬರೆಯುವವರಿಗೆ ನನ್ನದೊಂದು ವಿನಂತಿ. ನಮ್ಮ ನಾಡಿನಲ್ಲಿ ಸನ್ಮಾನಕ್ಕೆ ಬರವಿಲ್ಲ. ದೇವಸ್ಥಾನದಲ್ಲಿ ನಂದಾದೀಪಕ್ಕೆ ಎಣ್ಣೆ ಹಾಕುವವರಿದ್ದಾರೆ, ಮಸೀದಿಯ ಹೌಜು ತೊಳೆಯುವವರಿದ್ದಾರೆ, ಶಾಲೆಯ ಬಿಸಿಯೂಟದ ಅಡುಗೆಯವರಿದ್ದಾರೆ. ಅವರಲ್ಲಿ ಒಬ್ಬರಿಗೆ ಪತ್ರ ಬರೆಯುವಾಗ ಹೆಸರಿನ ಮೇಲೆ ಬೆರಳಿಟ್ಟು ಓದಿ ನೋಡಿ. ಇನ್ನೊಬ್ಬರಿಗೂ ಅದು ಹೊಂದುತ್ತದೆ ಎಂದಾದರೆ ಹರಿದುಹಾಕಿ ಮತ್ತೆ ಬರೆಯಿರಿ. ಹೊಗಳಿಕೆ ಕೇಳುವ ಕ್ಷಣಕ್ಕೆ ಇಂಪಾಗಿರುತ್ತದೆ. ಆದರೆ ಹತ್ತು ವರ್ಷದ ಮೇಲೆ ಮೊಮ್ಮಕ್ಕಳು ಓದಿದಾಗ ಅವರ ಮುಂದೆ ಒಬ್ಬ ಮನುಷ್ಯ ಎದ್ದು ನಿಲ್ಲುವುದು ಆ ಮನುಷ್ಯ ಮಾಡಿದ ಕೆಲಸದ ವಿವರದಿಂದ.

ಸಮಿತಿಗಳಲ್ಲಿ ಕೂರುವವರಿಗೆ ಇನ್ನೊಂದು. ವಯಸ್ಸಾದವರ ಕೈಯಿಂದ ಕೀಲಿಕೈ ತೆಗೆದುಕೊಳ್ಳುವ ಮೊದಲು ಒಬ್ಬರನ್ನು ಅವರ ಪಕ್ಕದಲ್ಲಿ ನಿಲ್ಲಿಸಿ. ಒಂದು ವರ್ಷ, ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೆ, ಅವರು ಮಾಡುವುದನ್ನೆಲ್ಲ ಜೊತೆಗೆ ನಿಂತು ಮಾಡಲಿ. ಕೈಲಾಗದ ಭಾರ ಎತ್ತುವುದನ್ನು ತಪ್ಪಿಸೋಣ, ಗದ್ದೆ ಅಂಚಿನಲ್ಲಿ ಕೈ ಹಿಡಿಯಲು ಒಬ್ಬ ಹುಡುಗನನ್ನು ಕಳಿಸೋಣ, ಬೇಕಾದರೆ ಆಟೋ ಮಾಡೋಣ. ವಿಶ್ರಾಂತಿ ಎಂಬ ಹೆಸರಿನಲ್ಲಿ ಅವರನ್ನು ಕೊನೆಯ ಬೆಂಚಿಗೆ ಕಳಿಸುವುದು ಬೇಡ. ಜೀವಮಾನ ಸೇವೆ ಮಾಡಿದವರಿಗೆ ಕೊಡಬಹುದಾದ ದೊಡ್ಡ ಗೌರವ ಅವರ ಕೆಲಸವನ್ನು ಅವರಿಂದಲೇ ಕಲಿಯುವುದು. ಅದಕ್ಕೆ ಅವರು ಬದುಕಿರಬೇಕು, ನಾವು ಅವರ ಮನೆಗೆ ಹೋಗಬೇಕು. ನನ್ನ ಮಾತು ಓದಿ ಯಾರಾದರೂ ಈ ಭಾನುವಾರ ಅಂಥ ಒಬ್ಬರ ಮನೆಗೆ ಹೋದರೆ, ನೋಟುಬುಕ್ಕು ಮರೆಯದೆ ಹೋಗಿ. ಮೊದಲ ಪ್ರಶ್ನೆ, ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದಿರಿ ಎಂದಿರಲಿ. ಅಲ್ಲಿಂದ ಮುಂದಕ್ಕೆ ಅವರೇ ನಡೆಸಿಕೊಂಡು ಹೋಗುತ್ತಾರೆ.